ಫಿನೋಲಾ ಗಿಡ್ಡವಾದದ್ದು ಹೇಗೆ: ಒಂದು ಹೆಂಪ್ ತಳಿಯ ಪ್ರಕರಣ ಅಧ್ಯಯನ

ಕಟಾವಿಗೆ ಬಂದ ಫಿನೋಲಾ ಹೊಲವನ್ನು ಮೊದಲ ಸಲ ನೋಡಿದವರಿಗೆ ಅದು ಕ್ಯಾನಬಿಸ್, ಅಂದರೆ ಗಾಂಜಾದ ಜಾತಿಯ ಗಿಡ, ಎಂದು ತಕ್ಷಣ ಹೊಳೆಯುವುದಿಲ್ಲ. ನಾರಿಗಾಗಿ ಬೆಳೆಯುವ ಹೆಂಪ್ 3-4 ಮೀಟರ್ ಎತ್ತರಕ್ಕೆ ಬೆಳೆದು, ಒಳಗೆ ಹೊಕ್ಕವರೇ ಕಾಣದಂತೆ ನಿಂತಿರುತ್ತದೆ. ಫಿನೋಲಾ ಹೆಚ್ಚು ಕಡಿಮೆ ಒಂದೂವರೆ ಮೀಟರ್‌ಗೆ ನಿಂತುಬಿಡುತ್ತದೆ. ಕವಲು ಕಡಿಮೆ. ತುದಿಯಲ್ಲಿ ಒಂದು ದಟ್ಟವಾದ ಗೊಂಚಲು, ಅದರ ತುಂಬ ಕಾಳು.

ಇದು ಅಮಲಿಗಾಗಿ ಬೆಳೆಯುವ ಬೆಳೆ ಅಲ್ಲ. ಜಾತಿ ಅದೇ, ಆದರೆ ಅಮಲು ತರುವ ಟಿಎಚ್‌ಸಿ ತೀರ ಕಡಿಮೆ. ಕಾಳು ಮತ್ತು ಎಣ್ಣೆಗಾಗಿ ಮಾಡಿದ ತಳಿ ಇದು.

ಇದರ ಬಗ್ಗೆ ಬರೆಯುವವರು ಸಾಮಾನ್ಯವಾಗಿ "ಗಿಡ್ಡ ತಳಿ" ಎಂದು ಹೇಳಿ ಮುಂದೆ ಹೋಗುತ್ತಾರೆ. ನನ್ನ ತಕರಾರು ಇರುವುದೇ ಅಲ್ಲಿ. ಗಿಡ ಏಕೆ ಗಿಡ್ಡವಾಯಿತು ಎಂದು ಕೇಳದೆ ಹೋದರೆ, ಈ ತಳಿ ಗೆದ್ದದ್ದು ಎಲ್ಲಿ, ಸೋತದ್ದು ಎಲ್ಲಿ ಎನ್ನುವುದು ಅರ್ಥವಾಗುವುದಿಲ್ಲ. ಫಿನೋಲಾದಲ್ಲಿ ಆಯ್ಕೆಯ ಒತ್ತಡ ಮೊದಲು ಬಿದ್ದದ್ದು ಎತ್ತರದ ಮೇಲಲ್ಲ, ಹೂಬಿಡುವ ಸಮಯದ ಮೇಲೆ. ಗಿಡದ ಮೈಕಟ್ಟು ಅದರ ಹಿಂದೆ ಬಂತು.

ಫಿನ್ಲೆಂಡ್‌ನ ತೊಂದರೆ

1990ರ ದಶಕದ ನಡುಭಾಗ. ಫಿನ್ಲೆಂಡ್‌ನ ಕುವೊಪಿಯೊ ವಿಶ್ವವಿದ್ಯಾಲಯದಲ್ಲಿದ್ದ ಸಂಶೋಧಕ ಜೇಸ್ ಕ್ಯಾಲವೇ ಮತ್ತು ಅವರ ಜೊತೆಗಾರರಿಗೆ ಬೇಕಿದ್ದದ್ದು ಹೆಂಪ್ ಕಾಳು. ಕಾಳಿನಲ್ಲಿ ಸುಮಾರು 30% ಎಣ್ಣೆ ಇರುತ್ತದೆ. ಆ ಎಣ್ಣೆಯಲ್ಲಿ ಲಿನೋಲಿಯಿಕ್ ಮತ್ತು ಆಲ್ಫಾ ಲಿನೋಲೆನಿಕ್ ಎಂಬ ಕೊಬ್ಬಿನಾಮ್ಲಗಳೇ ಮುಖ್ಯ. ಜೊತೆಗೆ ಗಾಮಾ ಲಿನೋಲೆನಿಕ್ ಆಮ್ಲವೂ ಸ್ವಲ್ಪ ಇರುತ್ತದೆ. ಬೇರೆ ಅಡುಗೆ ಎಣ್ಣೆಗಳಲ್ಲಿ ಅದು ಸಿಗುವುದು ಅಪರೂಪ.

ಆದರೆ ಕುವೊಪಿಯೊ ಇರುವುದು ಸುಮಾರು 63 ಡಿಗ್ರಿ ಉತ್ತರದಲ್ಲಿ. ಅಲ್ಲಿ ಜೂನ್ ತಿಂಗಳ ಹಗಲು 20 ಗಂಟೆ ಇರುತ್ತದೆ. ಹೆಂಪ್ ಹಗಲು ಚಿಕ್ಕದಾದಾಗ ಹೂಬಿಡುವ ಗಿಡ. ಹೆಚ್ಚಿನ ನಾರಿನ ತಳಿಗಳು ಹಗಲು ಸುಮಾರು 14 ಗಂಟೆಗೆ ಇಳಿಯುವವರೆಗೆ ಜೋರಾಗಿ ಹೂಬಿಡುವುದಿಲ್ಲ. ಮಧ್ಯ ಫಿನ್ಲೆಂಡ್‌ನಲ್ಲಿ ಹಗಲು ಅಷ್ಟಕ್ಕೆ ಇಳಿಯುವಾಗ ಸೆಪ್ಟೆಂಬರ್ ಬಂದಿರುತ್ತದೆ. ಅದೇ ಹೊತ್ತಿಗೆ ಹಿಮವೂ ಬೀಳಲು ಶುರುವಾಗುತ್ತದೆ. ಅಂದರೆ ಯುರೋಪಿನ ದಕ್ಷಿಣದ ತಳಿಯನ್ನು ತಂದು ಬಿತ್ತಿದರೆ ಗಿಡ ಚೆನ್ನಾಗಿಯೇ ಬೆಳೆಯುತ್ತದೆ. ಬೇಸಿಗೆಯ ಉದ್ದ ಹಗಲಿನಲ್ಲಿ ಹಸಿರಾಗಿ ಎತ್ತರಕ್ಕೆ ಹೋಗುತ್ತದೆ. ಕಾಳು ಮಾತ್ರ ಬಲಿಯುವುದಿಲ್ಲ.

ಇಲ್ಲಿ ಎತ್ತರ ರೋಗವಲ್ಲ, ರೋಗದ ಲಕ್ಷಣ. ಗಿಡ ಎತ್ತರವಾಗುತ್ತಿದ್ದದ್ದು ಅದಕ್ಕೆ ಹೂಬಿಡುವ ಸೂಚನೆ ಸಿಗದೆ ಇದ್ದದ್ದರಿಂದ.

ಪರಿಹಾರ ಸಿಕ್ಕಿದ್ದು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. ಅಲ್ಲಿನ ವಾವಿಲೋವ್ ಸಂಸ್ಥೆಯ ಬೀಜ ಭಂಡಾರದಲ್ಲಿ ಹೆಂಪ್‌ನ ದೊಡ್ಡ ಸಂಗ್ರಹ ಇದೆ. ಎರಡನೇ ಮಹಾಯುದ್ಧದಲ್ಲಿ ಲೆನಿನ್‌ಗ್ರಾಡ್ (ಆಗ ಈ ನಗರದ ಹೆಸರು) ಮುತ್ತಿಗೆಗೆ ಸಿಕ್ಕಿದಾಗ, ಅಲ್ಲಿನ ಕೆಲವು ವಿಜ್ಞಾನಿಗಳು ಸುತ್ತಲೂ ಮೂಟೆಗಟ್ಟಲೆ ಕಾಳು ಇದ್ದರೂ ಮುಟ್ಟದೆ ಹಸಿವಿನಿಂದ ಸತ್ತರು. ಆ ಬೀಜಗಳನ್ನು ಹಾಗೆ ಕಾಯದೆ ಹೋಗಿದ್ದರೆ ಇಂಥ ಎಷ್ಟೋ ಬೆಳೆಗಳ ಕತೆ ಬೇರೆಯೇ ಆಗುತ್ತಿತ್ತು. ಇದನ್ನು ಓದುವಾಗೆಲ್ಲ ಮನಸ್ಸು ಭಾರವಾಗುತ್ತದೆ.

ಆ ಭಂಡಾರದಿಂದ ಬಂದ ಉತ್ತರದ ಎರಡು ಮಾದರಿಗಳು ವಿಐಆರ್ 313 ಮತ್ತು ವಿಐಆರ್ 315 (ವಿಐಆರ್ ಅಂದರೆ ಆ ಸಂಸ್ಥೆಯ ಹೆಸರಿನ ಚಿಕ್ಕ ರೂಪ). ಎರಡೂ ಬೇಗ ಹೂಬಿಡುವಂಥವು. 1995ರ ಬೇಸಿಗೆಯಲ್ಲಿ ಫಿನ್ಲೆಂಡ್‌ನಲ್ಲಿ ಇವು ಬೆಳೆದವು. ಇವೆರಡರ ಬೆರಕೆಯಿಂದ ಬಂದ ಸಂತತಿಗೆ ಫಿನ್ 314 ಎಂದು ಹೆಸರಿಟ್ಟರು. 313 ಮತ್ತು 315ರ ನಡುವಿನ ಸಂಖ್ಯೆ ಅದು. ಮುಂದೆ ಅದಕ್ಕೆ ಫಿನೋಲಾ ಎಂಬ ಹೆಸರು ಬಂತು.

ಬಿತ್ತಿದ ಸುಮಾರು ನಾಲ್ಕು ವಾರಕ್ಕೆ ಇದು ಹೂಬಿಡಲು ತೊಡಗುತ್ತದೆ. ಹಗಲು 20 ಗಂಟೆ ಇದ್ದರೂ ಕಾಯುವುದಿಲ್ಲ. 100-120 ದಿನದಲ್ಲಿ ಕಟಾವಿಗೆ ಬರುತ್ತದೆ.

ಹೂವು ಬಂದಾಗ ಮೈಕಟ್ಟು ಏನಾಗುತ್ತದೆ

ಈ ಪ್ರಕರಣದ ತಿರುಳು ಇಲ್ಲಿದೆ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಎಳೆಯ ಹೆಂಪ್ ಗಿಡದಲ್ಲಿ ಪ್ರತಿ ಗಿಣ್ಣಿನಲ್ಲಿ ಎರಡು ಎಲೆ ಎದುರುಬದುರಾಗಿ ಬರುತ್ತವೆ. ಗಿಡ ಬಲಿತು ಹೂವಿನ ಕಡೆ ಹೊರಳುವಾಗ ಈ ಜೋಡಣೆ ಮುರಿಯುತ್ತದೆ. ಮೇಲಿನ ಗಿಣ್ಣುಗಳಲ್ಲಿ ಎಲೆಗಳು ಒಂದಾದ ಮೇಲೆ ಒಂದು, ಒಂದು ಪಕ್ಕ ಬಿಟ್ಟು ಇನ್ನೊಂದು ಪಕ್ಕ ಬರಲು ಶುರುವಾಗುತ್ತದೆ. ಒಂದೊಂದು ಎಲೆಯ ಬೆರಳುಗಳೂ ಕಡಿಮೆಯಾಗುತ್ತಾ ಹೋಗುತ್ತವೆ. ತಳಿ ಮಾಡುವವರು ಹೊಲದಲ್ಲಿ ಮೊದಲು ಗಮನಿಸುವ ಸುಳಿವು ಇದು.

2019ರಲ್ಲಿ ಇಸ್ರೇಲ್‌ನ ವೋಲ್ಕಾನಿ ಕೇಂದ್ರದ ಸಂಶೋಧಕರು ಹೆಣ್ಣು ಗಿಡದ ರಚನೆಯನ್ನು ಬಿಡಿಸಿ ನೋಡಿದರು. ಹಗಲು ಉದ್ದ ಇದ್ದಾಗಲೂ ಗಿಣ್ಣಿನ ಬುಡದಲ್ಲಿ ಒಂಟಿ ಹೂಗಳು ಆಗಲೇ ಹುಟ್ಟಿರುತ್ತವೆ ಎಂದು ಅವರು ತೋರಿಸಿದರು. ಹಾಗಾದರೆ ಹಗಲು ಚಿಕ್ಕದಾದಾಗ ಆಗುವುದೇನು? ಗಿಡದ ಕಟ್ಟಡವೇ ಬದಲಾಗುತ್ತದೆ. ಗಿಣ್ಣಿನಿಂದ ಗಿಣ್ಣಿಗೆ ಇರುವ ಅಂತರ ತಟ್ಟನೆ ಕುಗ್ಗುತ್ತದೆ. ತುದಿಯಲ್ಲಿ ಕವಲಿನ ಮೇಲೆ ಕವಲು ಒಡೆಯುತ್ತದೆ, ಆದರೆ ಆ ಕವಲುಗಳು ಉದ್ದವಾಗುವುದಿಲ್ಲ. ನಾವು ಗೊಂಚಲು ಅನ್ನುವುದು ಈ ಕುಗ್ಗಿದ ಕವಲುಗಳ ರಾಶಿಯನ್ನೇ.

ಇದನ್ನು ಫಿನೋಲಾಕ್ಕೆ ಹೊಂದಿಸಿ ನೋಡಿ. ನಾಲ್ಕನೇ ವಾರಕ್ಕೇ ಹೂವಿನ ದಾರಿ ಹಿಡಿದ ಗಿಡದಲ್ಲಿ ಉದ್ದ ಅಂತರದ ಗಿಣ್ಣುಗಳು ಕೆಲವೇ ಇರುತ್ತವೆ. ಬುಡದ ಕವಲುಗಳಿಗೆ ಉದ್ದವಾಗಲು ಸಮಯವೇ ಸಿಕ್ಕಿರುವುದಿಲ್ಲ. ಒತ್ತಾಗಿ ಬಿತ್ತಿದರೆ ಇರುವ ಕವಲೂ ಅಡಗುತ್ತದೆ. ಉಳಿದ ಶಕ್ತಿಯೆಲ್ಲ ತುದಿಯ ಗೊಂಚಲಿಗೆ ಹೋಗುತ್ತದೆ. ಗಿಡ್ಡ ಕಾಂಡ, ಕಡಿಮೆ ಕವಲು, ತುದಿಯಲ್ಲಿ ಕಾಳು. ಮೂರೂ ಬೇರೆ ಬೇರೆ ಗುಣಗಳಂತೆ ಕಂಡರೂ ಬಹುಮಟ್ಟಿಗೆ ಒಂದೇ ಕಾರಣದ ಮೂರು ಮುಖಗಳು.

ಹಸಿರು ಕ್ರಾಂತಿಯ ಗಿಡ್ಡ ಗೋಧಿ, ಗಿಡ್ಡ ಭತ್ತದ ಜೊತೆ ಇದನ್ನು ಸೇರಿಸಿ ಮಾತಾಡುವುದು ಅದಕ್ಕೇ ಸರಿಯಲ್ಲ. 1966ರಲ್ಲಿ ಬಿಡುಗಡೆಯಾದ ಐಆರ್ 8 ಭತ್ತದಲ್ಲಿ ಎಸ್‌ಡಿ 1 ಎಂಬ ಜೀನ್‌ನ ಕೆಟ್ಟ ಪ್ರತಿ ಇದೆ. ಅದರಿಂದ ಗಿಬ್ಬರೆಲಿನ್ ಎಂಬ ಬೆಳವಣಿಗೆಯ ಹಾರ್ಮೋನ್ ಕಡಿಮೆ ತಯಾರಾಗುತ್ತದೆ. ಜಪಾನಿನ ನೋರಿನ್ 10 ತಳಿಯಿಂದ ಬಂದ ಗಿಡ್ಡ ಗೋಧಿಯಲ್ಲಿ ಹಾರ್ಮೋನ್ ಇದ್ದರೂ ಗಿಡ ಅದಕ್ಕೆ ಸರಿಯಾಗಿ ಓಗೊಡುವುದಿಲ್ಲ. ಎರಡರಲ್ಲೂ ಕಾಂಡದ ಗಿಣ್ಣುಗಳ ನಡುವಿನ ಅಂತರ ಗಿಡ್ಡ. ಬೆಳೆಯುವ ಕಾಲ ಮೊಟಕಾಗಿದ್ದರಿಂದ ಬಂದ ಗಿಡ್ಡತನ ಅಲ್ಲ ಅದು. ಫಿನೋಲಾದಲ್ಲಿ ಮೊಟಕಾದದ್ದು ಮುಖ್ಯವಾಗಿ ಕಾಲ. ಈ ವ್ಯತ್ಯಾಸ ಬರೀ ಪುಸ್ತಕದ್ದಲ್ಲ, ಹೊಲದಲ್ಲಿ ಅದರ ಫಲ ಕಾಣುತ್ತದೆ. ಅದನ್ನು ಮುಂದೆ ಹೇಳುತ್ತೇನೆ.

ಗಾಳಿಯಲ್ಲಿ ಹಾರುವ ಪರಾಗದ ನಡುವೆ ಆಯ್ಕೆ

ಹೆಂಪ್‌ನಲ್ಲಿ ಸಾಮಾನ್ಯವಾಗಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಫಿನೋಲಾವೂ ಹಾಗೇ. ಪರಾಗ ಗಾಳಿಯಲ್ಲಿ ಕಿಲೋಮೀಟರ್‌ಗಟ್ಟಲೆ ಹಾರುತ್ತದೆ. ಹಾಗಾಗಿ ಒಂದು ಹೊಲದಲ್ಲಿರುವುದು ಸಾವಿರಾರು ಬೇರೆ ಬೇರೆ ಗಿಡಗಳ ಗುಂಪು. ಗೋಧಿಯಂತೆ ಎಲ್ಲವೂ ಒಂದೇ ಅಚ್ಚಲ್ಲ. ಒಳ್ಳೆಯ ಹೆಣ್ಣು ಗಿಡ ಆರಿಸಿ ಅದರ ಕಾಳು ಇಟ್ಟುಕೊಂಡರೆ ಅರ್ಧ ಕೆಲಸ ಮಾತ್ರ ಆಗುತ್ತದೆ. ಅಪ್ಪ ಯಾರು ಅಂತ ಗೊತ್ತಿರುವುದಿಲ್ಲ ಅಲ್ವಾ?

20ನೇ ಶತಮಾನದ ಮೊದಲ ಅರ್ಧದಲ್ಲಿ ಜರ್ಮನಿಯ ಸಂಶೋಧಕ ಬ್ರೆಡೆಮನ್ ಇದಕ್ಕೊಂದು ದಾರಿ ಹುಡುಕಿದ್ದರು. ಅವರಿಗೆ ಬೇಕಿದ್ದದ್ದು ಜಾಸ್ತಿ ನಾರು. ನಾರಿನ ಪ್ರಮಾಣ ತಿಳಿಯಬೇಕಾದರೆ ಕಾಂಡ ಸೀಳಬೇಕು, ಆದರೆ ಅಷ್ಟು ಹೊತ್ತಿಗೆ ಗಂಡು ಗಿಡ ಪರಾಗ ಚೆಲ್ಲಿ ಮುಗಿದಿರುತ್ತದೆ. ಬ್ರೆಡೆಮನ್ ಗಂಡು ಗಿಡ ಹೂಬಿಡುವ ಮೊದಲೇ ಅದರ ಕಾಂಡವನ್ನು ಉದ್ದಕ್ಕೆ ಸೀಳಿ, ಒಂದು ಹೋಳಿನಿಂದ ನಾರು ತೆಗೆದು ಅಳೆದರು. ಇನ್ನೊಂದು ಹೋಳು ಹೊಲದಲ್ಲೇ ಬದುಕಿರುತ್ತಿತ್ತು. ನಾರು ಜಾಸ್ತಿ ಇರುವ ಗಂಡುಗಳನ್ನು ಮಾತ್ರ ಉಳಿಸಿ ಮಿಕ್ಕಿದ್ದನ್ನು ಕಿತ್ತುಹಾಕಿದರು. ಎಷ್ಟು ಸರಳ, ಎಷ್ಟು ಜಾಣ ಉಪಾಯ! ಆಮೇಲಿನ ಯುರೋಪಿನ ನಾರಿನ ತಳಿಗಳಲ್ಲಿ ನಾರಿನ ಪಾಲು ಅಷ್ಟು ಏರಲು ಈ ವಿಧಾನ ದೊಡ್ಡ ಕಾರಣ.

ಹೂಬಿಡುವ ಸಮಯವನ್ನು ಆರಿಸುವುದು ಇದಕ್ಕಿಂತ ಸುಲಭ. ಯಾವ ಗಂಡು ಬೇಗ ಹೂಬಿಟ್ಟಿತು ಎನ್ನುವುದು ಕಣ್ಣಿಗೇ ಕಾಣುತ್ತದೆ. ತಡವಾದ ಗಂಡನ್ನು ಪರಾಗ ಚೆಲ್ಲುವ ಮೊದಲೇ ಕೀಳಬಹುದು. ಇನ್ನೊಂದು ಅನುಕೂಲ: ಬೇಗ ಹೂಬಿಡುವ ಹೆಣ್ಣಿಗೆ ಆ ಹೊತ್ತಿಗೆ ಸಿಗುವುದು ಬೇಗ ಹೂಬಿಡುವ ಗಂಡಿನ ಪರಾಗವೇ. ಗಿಡಗಳು ತಾವಾಗಿಯೇ ಸರಿಯಾದ ಜೋಡಿ ಆರಿಸಿಕೊಂಡಂತೆ ಆಗುತ್ತದೆ.

ಫಿನೋಲಾದ ತಂದೆತಾಯಿ ಎರಡೂ ಉತ್ತರದವೇ ಆಗಿದ್ದು ನನ್ನ ಲೆಕ್ಕದಲ್ಲಿ ಈ ಪ್ರಕರಣದ ಅತಿ ಜಾಣ ಹೆಜ್ಜೆ. ಒಂದು ಬೇಗ ಬರುವ ತಳಿ, ಇನ್ನೊಂದು ಎತ್ತರದ ಇಳುವರಿ ತಳಿ ಎಂದು ಬೆರೆಸಿದ್ದರೆ, ಸಂತತಿಯಲ್ಲಿ ಹೂಬಿಡುವ ಕಾಲ ಚದುರಿ ಹೋಗುತ್ತಿತ್ತು. ಅದನ್ನು ಮತ್ತೆ ಒಟ್ಟಿಗೆ ತರಲು ಎಷ್ಟೋ ತಲೆಮಾರು ಬೇಕಾಗುತ್ತಿತ್ತು. ಎರಡೂ ಬೇಗ ಬರುವಂಥವೇ ಆದ್ದರಿಂದ ಸಮಯದ ಪ್ರಶ್ನೆ ಮೊದಲ ದಿನವೇ ಬಹುಪಾಲು ತೀರಿತ್ತು. ಕಾಳಿನ ಪ್ರಮಾಣ, ಎಣ್ಣೆ, ಗೊಂಚಲಿನ ಗಾತ್ರ ಇವುಗಳಲ್ಲಿ ಮಾತ್ರ ಆರಿಸಲು ವೈವಿಧ್ಯ ಉಳಿದಿತ್ತು.

ಕೆನಡಾದ ಕಂಬೈನ್ ಯಂತ್ರ

ಫಿನ್ಲೆಂಡ್‌ನ ಹಿಮಕ್ಕೆ ಹುಟ್ಟಿದ ಗಿಡ್ಡ ಮೈ, ಕೆನಡಾದಲ್ಲಿ ಬೇರೆಯದೇ ಕಾರಣಕ್ಕೆ ಬೆಲೆ ಪಡೆಯಿತು. ಕೆನಡಾ 1998ರಲ್ಲಿ ಹೆಂಪ್ ಕೃಷಿಗೆ ಮತ್ತೆ ಅವಕಾಶ ಕೊಟ್ಟಿತು. ಟಿಎಚ್‌ಸಿ 0.3% ಮೀರಬಾರದು ಎಂಬ ನಿಯಮ ಇತ್ತು. ಪಶ್ಚಿಮದ ಬಯಲು ಪ್ರಾಂತ್ಯಗಳ ರೈತರು ಕಾಳಿಗಾಗಿ ಬೆಳೆಯಲು ಮುಂದಾದರು. ಅವರ ಬಳಿ ಇದ್ದದ್ದು ಗೋಧಿ ಮತ್ತು ಕ್ಯಾನೋಲಾ ಎಂಬ ಎಣ್ಣೆಕಾಳನ್ನು ಕೊಯ್ಯುವ ಕಂಬೈನ್ ಯಂತ್ರ.

ಎತ್ತರದ ಹೆಂಪ್‌ಗೂ ಆ ಯಂತ್ರಕ್ಕೂ ಆಗಿಬರುವುದಿಲ್ಲ. ಯಂತ್ರದ ಮುಂಭಾಗವನ್ನು ಎಷ್ಟು ಎತ್ತಿದರೂ ಉದ್ದ ಕಾಂಡ ಒಳಗೆ ಹೋಗುತ್ತದೆ. ಕಾಂಡದ ತೊಗಟೆಯ ನಾರು ತಿರುಗುವ ಭಾಗಗಳಿಗೆಲ್ಲ ಸುತ್ತಿಕೊಳ್ಳುತ್ತದೆ. ಬೇರಿಂಗ್ ಬಿಸಿಯಾಗುತ್ತದೆ, ಒಣ ಕಸಕ್ಕೆ ಬೆಂಕಿ ಹತ್ತುತ್ತದೆ. ಯಂತ್ರ ನಿಲ್ಲಿಸಿ ಚಾಕು ಹಿಡಿದು ನಾರು ಕತ್ತರಿಸುತ್ತಾ ಕೂರಬೇಕು. ಕಟಾವಿನ ಕಾಲದಲ್ಲಿ ರೈತನಿಗೆ ಇದಕ್ಕಿಂತ ಹಿಂಸೆ ಇನ್ನೊಂದಿಲ್ಲ.

ಫಿನೋಲಾ ಈ ತೊಂದರೆಯನ್ನು ಎರಡು ಕಡೆಯಿಂದ ತಗ್ಗಿಸಿತು. ಕಾಂಡ ಗಿಡ್ಡ ಅನ್ನುವುದು ಒಂದು. ಎರಡನೆಯದನ್ನು ಜನ ಅಷ್ಟಾಗಿ ಹೇಳುವುದಿಲ್ಲ: ನಾರೇ ಕಡಿಮೆ. ಹೆಂಪ್‌ನ ಉದ್ದನೆಯ ಒಳ್ಳೆಯ ನಾರು ಹುಟ್ಟುವುದು ಕಾಂಡ ಉದ್ದವಾಗುತ್ತಿರುವ ಕಾಲದಲ್ಲಿ. ಆಮೇಲೆ ಕಾಂಡ ದಪ್ಪವಾಗುವಾಗ ಬರುವ ನಾರು ತುಂಡು ತುಂಡಾದದ್ದು. ಕಾಂಡ ಉದ್ದವಾಗುವ ಕಾಲವೇ ಮೊಟಕಾದ ಗಿಡದಲ್ಲಿ ಸುತ್ತಿಕೊಳ್ಳುವ ನಾರು ಸಹಜವಾಗಿ ಕಡಿಮೆ. ಅಲ್ಲದೆ ಗಂಡು ಗಿಡಗಳು ಪರಾಗ ಚೆಲ್ಲಿ, ಕಟಾವಿಗೆ ಬಹಳ ಮೊದಲೇ ಒಣಗಿ ಬಿದ್ದಿರುತ್ತವೆ. ಯಂತ್ರಕ್ಕೆ ಸಿಗುವುದು ಹೆಚ್ಚಾಗಿ ಹೆಣ್ಣು ಗಿಡಗಳ ಸಾಲು.

ಕಾಳು ಬಲಿಯುವ ವಿಷಯದಲ್ಲೂ ರಚನೆ ನೆರವಿಗೆ ಬಂತು. ಹೆಂಪ್ ಗೊಂಚಲು ಕೆಳಗಿನಿಂದ ಮೇಲಕ್ಕೆ ಬಲಿಯುತ್ತದೆ. ಕವಲಿನ ಕಾಳು ಇನ್ನೂ ತಡ. ಕವಲು ಜಾಸ್ತಿ ಇದ್ದರೆ ಮುಖ್ಯ ಗೊಂಚಲಿನ ಕಾಳು ಉದುರುತ್ತಿರುವಾಗ ಕವಲಿನದು ಹಸಿಯಾಗಿಯೇ ಇರುತ್ತದೆ. ಅದಕ್ಕೇ ಸುಮಾರು 70% ಕಾಳು ಬಲಿತಾಗ ಕಟಾವು ಮಾಡುವ ರೂಢಿ ಬಂದಿದೆ. ಹಸಿ ಕಾಳನ್ನು ತಕ್ಷಣ ಒಣಗಿಸಬೇಕು, ಇಲ್ಲದಿದ್ದರೆ ರಾಶಿಯಲ್ಲೇ ಬಿಸಿಯಾಗಿ ಕೆಡುತ್ತದೆ. ಒಂದೇ ಮುಖ್ಯ ಗೊಂಚಲಿನ ಗಿಡದಲ್ಲಿ ಈ ಅಂತರ ಕಿರಿದಾಗುತ್ತದೆ, ನಷ್ಟವೂ ತಗ್ಗುತ್ತದೆ.

ಆಮೇಲೆ ಕೆನಡಾದಲ್ಲಿ ಬಂದ ಸಿಎಫ್‌ಎಕ್ಸ್ 1, ಸಿಎಫ್‌ಎಕ್ಸ್ 2 ಮುಂತಾದ ಕಾಳಿನ ತಳಿಗಳೂ ಗಿಡ್ಡ ಮೈಯವೇ.

ಕೊಟ್ಟ ಬೆಲೆ

ಗಿಡ್ಡ ಜೀನ್‌ನಿಂದ ಬಂದ ಗಿಡ್ಡತನಕ್ಕೂ ಕಾಲ ಮೊಟಕಾಗಿ ಬಂದ ಗಿಡ್ಡತನಕ್ಕೂ ಇರುವ ವ್ಯತ್ಯಾಸ ಹೊಲದಲ್ಲಿ ಕಾಣುತ್ತದೆ ಎಂದೆನಲ್ಲ, ಅದು ಇಲ್ಲಿದೆ.

ಎಳೆಯ ಹೆಂಪ್‌ಗೆ ನಿಂತ ನೀರು, ಗಟ್ಟಿ ನೆಲ ಎರಡೂ ಆಗುವುದಿಲ್ಲ. ಮೊದಲ ಮೂರು ನಾಲ್ಕು ವಾರ ಬೇರು ಉಸಿರುಕಟ್ಟಿದರೆ ಗಿಡ ಹಳದಿಯಾಗಿ ಕುಗ್ಗಿ ನಿಲ್ಲುತ್ತದೆ. ತಡವಾಗಿ ಹೂಬಿಡುವ ತಳಿಗೆ ಚೇತರಿಸಿಕೊಳ್ಳಲು ಇಡೀ ಬೇಸಿಗೆ ಇರುತ್ತದೆ. ಜುಲೈನಲ್ಲಿ ನೋಡಿದರೆ ಪೆಟ್ಟು ಬಿದ್ದ ಗುರುತೂ ಸಿಗುವುದಿಲ್ಲ. ಫಿನೋಲಾ ನಾಲ್ಕನೇ ವಾರಕ್ಕೆ ಹೂಬಿಡಲು ಹೊರಡುತ್ತದೆ, ಗಿಡ ಎಷ್ಟೇ ಸಣ್ಣದಿರಲಿ. ಮೊಣಕಾಲುದ್ದದ ಗಿಡವೂ ಹೂಬಿಡುತ್ತದೆ, ನಾಲ್ಕು ಕಾಳು ಕಟ್ಟಿ ಮುಗಿಸುತ್ತದೆ. ಬಿತ್ತನೆಯ ಹೊತ್ತಿನ ಒಂದು ಜೋರು ಮಳೆ ಇಡೀ ವರ್ಷದ ಇಳುವರಿ ತಿನ್ನಬಲ್ಲದು. ಈ ತಳಿಯನ್ನು ಸುಲಭದ ಬೆಳೆ ಎಂದು ಹೇಳಿ ಮಾರುವವರ ಮಾತು ನನಗೆ ಹಿಡಿಸದಿರುವುದು ಇದಕ್ಕೇ. ಕಟಾವು ಸುಲಭ, ನಿಜ. ಆದರೆ ಮೊದಲ ತಿಂಗಳಲ್ಲಿ ಅದು ರೈತನಿಂದ ಬೇರೆ ಹೆಂಪ್‌ಗಿಂತ ಜಾಸ್ತಿ ಎಚ್ಚರ ಕೇಳುತ್ತದೆ.

ಕಳೆಯದು ಇನ್ನೊಂದು ಪಾಡು. ಎತ್ತರದ ನಾರಿನ ಹೆಂಪ್ ತನ್ನ ನೆರಳಿನಲ್ಲೇ ಕಳೆಯನ್ನು ಕೊಲ್ಲುತ್ತದೆ. ಹೆಂಪ್‌ಗೆ ಕಳೆನಾಶಕ ಬೇಡ ಎಂಬ ಮಾತು ಹುಟ್ಟಿದ್ದು ಆ ಬೆಳೆಯಿಂದ. ಗಿಡ್ಡ ಮೈಯ, ಬೇಗ ಎಲೆ ಉದುರಿಸುವ ಕಾಳಿನ ತಳಿಗೆ ಆ ಮಾತು ಹೊಂದುವುದಿಲ್ಲ.

ದಕ್ಷಿಣಕ್ಕೆ ಹೋದಷ್ಟೂ ಫಿನೋಲಾ ಇನ್ನೂ ಗಿಡ್ಡವಾಗುತ್ತದೆ. ಉತ್ತರದ ಉದ್ದ ಹಗಲಿನಲ್ಲಿ ಸಿಗುವ ಬೆಳಕು ಆ ನಾಲ್ಕು ವಾರದಲ್ಲಿ ಒಂದಿಷ್ಟು ಮೈ ಕಟ್ಟಿಕೊಡುತ್ತದೆ. ಚಿಕ್ಕ ಹಗಲಿನಲ್ಲಿ ಅದೂ ಇಲ್ಲ. ಗಿಡ್ಡ ಗುಣವನ್ನು ಗಿಡದೊಳಗೆ ಬರೆದಿಟ್ಟ ಅಳತೆ ಎಂದುಕೊಂಡವರಿಗೆ ಇದು ಅಚ್ಚರಿ. ಕಾಲ ಮತ್ತು ಬೆಳಕು ಸೇರಿ ಮಾಡಿದ ಫಲ ಎಂದು ನೋಡಿದರೆ ಹೀಗೆ ಆಗದಿದ್ದರೇ ಅಚ್ಚರಿ.

ನಾರಂತೂ ಕೈಬಿಟ್ಟ ಹಾಗೆಯೇ. ಒಂದೇ ಬೆಳೆಯಿಂದ ಒಳ್ಳೆಯ ಕಾಳೂ ಬೇಕು, ಒಳ್ಳೆಯ ನಾರೂ ಬೇಕು ಎನ್ನುವವರಿಗೆ ಫಿನೋಲಾ ಉತ್ತರವಲ್ಲ. ಅದರ ಸಣ್ಣ ಕಾಳು ಎಣ್ಣೆ ತೆಗೆಯಲು ಸರಿ, ಸಿಪ್ಪೆ ಬಿಡಿಸಿ ಮಾರುವವರು ದಪ್ಪ ಕಾಳನ್ನೇ ಇಷ್ಟಪಡುತ್ತಾರೆ.

ಜೀನ್ ಏನು ಹೇಳಿತು

ವಿಜ್ಞಾನಿಗಳಿಗೂ ಫಿನೋಲಾ ಕೈಗೆ ಸಿಗುವ ಒಳ್ಳೆಯ ಮಾದರಿಯಾಯಿತು. 2011ರಲ್ಲಿ ಕೆನಡಾದ ತಂಡ ಕ್ಯಾನಬಿಸ್‌ನ ಮೊದಲ ಜೀನೋಮ್ (ಇಡೀ ಡಿಎನ್‌ಎಯ ಬರಹ) ಕರಡನ್ನು ಪ್ರಕಟಿಸಿದಾಗ, ಪರ್ಪಲ್ ಕುಶ್ ಎಂಬ ಅಮಲಿನ ತಳಿಗೆ ಎದುರಾಗಿ ಹೋಲಿಸಿ ನೋಡಿದ ಹೆಂಪ್ ಇದೇ. 2019ರಲ್ಲಿ ಅದೇ ಎರಡನ್ನು ಬೆರಸಿ ಜೀನ್‌ಗಳ ನಕ್ಷೆ ಮಾಡಿದರು.

ಮೈಕಟ್ಟಿನ ಪ್ರಶ್ನೆಗೆ ಹತ್ತಿರದ ಉತ್ತರ ಬಂದದ್ದು 2024ರಲ್ಲಿ. ಹಗಲಿಗೆ ಓಗೊಡದ ಫಿನೋಲಾ ಮತ್ತು ಹಗಲು ನೋಡಿ ಹೂಬಿಡುವ ಫ್ರೆಂಚ್ ತಳಿ ಫೆಲಿನಾ 32, ಇವೆರಡರ ಸಂತತಿಯನ್ನು ಪರೀಕ್ಷಿಸಿದ ಸಂಶೋಧಕರು ಫಿನೋಲಾದ ಈ ಗುಣವನ್ನು ಎಫ್‌ಟಿ ಗುಂಪಿನ ಒಂದು ಜೀನ್‌ಗೆ ಜೋಡಿಸಿದರು. ಎಫ್‌ಟಿ ಅಂದರೆ ಎಲೆಯಲ್ಲಿ ತಯಾರಾಗಿ ತುದಿಗೆ ಹೋಗಿ "ಇನ್ನು ಹೂಬಿಡು" ಎಂದು ಹೇಳುವ ಪ್ರೋಟೀನ್. ಬೇರೆ ಎಷ್ಟೋ ಬೆಳೆಗಳಲ್ಲೂ ಈ ಕೆಲಸ ಅದರದೇ. ಹಗಲಿಗೆ ಓಗೊಡದ ಬೇರೆ ಕ್ಯಾನಬಿಸ್ ತಳಿಗಳಲ್ಲಿ ಇದಕ್ಕಿಂತ ಮೊದಲು ಗುರುತಿಸಿದ್ದ ಜಾಗ ಬೇರೆ ಕ್ರೋಮೋಸೋಮಿನದು. ಅಂದರೆ ಹಗಲನ್ನು ಲೆಕ್ಕಿಸದೆ ಹೂಬಿಡುವ ಗುಣ ಕ್ಯಾನಬಿಸ್‌ನಲ್ಲಿ ಒಂದಕ್ಕಿಂತ ಹೆಚ್ಚು ದಾರಿಯಿಂದ ಬಂದಿದೆ.

ಈಗ ತಳಿ ಮಾಡುವವರ ಕೆಲಸಕ್ಕೆ ಬರೋಣ. ಫಿನೋಲಾವನ್ನು ತಡವಾಗಿ ಹೂಬಿಡುವ ಒಂದು ತಳಿಯ ಜೊತೆ ಬೆರೆಸಿದ್ದೀರಿ ಎಂದುಕೊಳ್ಳಿ. ಎರಡನೇ ತಲೆಮಾರಿನಲ್ಲಿ ಗಿಡ್ಡ, ಮಧ್ಯಮ, ಎತ್ತರ ಎಲ್ಲ ಬಗೆಯ ಗಿಡಗಳೂ ಏಳುತ್ತವೆ. ಅಳತೆಕೋಲು ಹಿಡಿದು ಗಿಡ್ಡದ್ದನ್ನೆಲ್ಲ ಆರಿಸುವ ಆಸೆ ಸಹಜ. ಹಾಗೆ ಆರಿಸಿದರೆ ನಿಮ್ಮ ಕೈಗೆ ಸಿಗುವುದು ಬಹುಪಾಲು ಬೇಗ ಹೂಬಿಟ್ಟ ಗಿಡಗಳೇ. ನಾರು ಕಡಿಮೆ, ಮೊದಲ ತಿಂಗಳ ಪೆಟ್ಟು ತಡೆಯುವ ಶಕ್ತಿ ಕಡಿಮೆ. ಫಿನೋಲಾದ ಹಳೆಯ ತೊಂದರೆಗಳೆಲ್ಲ ಅದರ ಹಿಂದೆಯೇ ಬರುತ್ತವೆ.

ಅದರ ಬದಲು ಪ್ರತಿ ಗಿಡಕ್ಕೂ ಚೀಟಿ ಕಟ್ಟಿ, ಎಲೆಗಳ ಎದುರುಬದುರು ಜೋಡಣೆ ಮುರಿದ ದಿನ ಮತ್ತು ಹೂಗೊಂಚಲು ಕಂಡ ದಿನ ಬರೆಯಬೇಕು. ಗಿಣ್ಣುಗಳನ್ನು ಎಣಿಸಬೇಕು. ಕಟಾವಿನ ಹೊತ್ತಿಗೆ ಎತ್ತರ ಅಳೆಯಬೇಕು. ಆಮೇಲೆ ಒಂದೇ ವಾರದಲ್ಲಿ ಹೂಬಿಟ್ಟ ಗಿಡಗಳನ್ನು ಒಂದು ಗುಂಪು ಮಾಡಿ, ಆ ಗುಂಪಿನೊಳಗೆ ಮಾತ್ರ ಎತ್ತರ ಹೋಲಿಸಬೇಕು. ಹಾಗೆ ಮಾಡಿದಾಗಲೂ ಗಿಣ್ಣಿನ ಸಂಖ್ಯೆ ಅಷ್ಟೇ ಇದ್ದು ಅಂತರ ಮಾತ್ರ ಕಡಿಮೆ ಇರುವ ಗಿಡ ಸಿಕ್ಕಿದರೆ, ಅದರ ಕಾಳನ್ನು ಬೇರೆ ಚೀಲದಲ್ಲಿ ತೆಗೆದಿಟ್ಟು, ಮುಂದಿನ ವರ್ಷ ಎರಡು ಬೇರೆ ದಿನಾಂಕಗಳಲ್ಲಿ ಬಿತ್ತಿ ಮತ್ತೆ ಅಳೆಯಬೇಕು.